ಮಳೆಗಾಲದಲ್ಲಿ ಗಮ್ ಪ್ರಿಂಟ್: ಆಕಾಶ ಬಿಳಿಯಾಗುತ್ತಲೇ ಇಲ್ಲ

ಗಂಗೊಳ್ಳಿ ದಡ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದೇನೆ. ರಜೆಯ ದಿನಗಳಲ್ಲಿ ಗಮ್ ಬೈಕ್ರೋಮೇಟ್ ಪದ್ಧತಿಯಲ್ಲಿ ಛಾಯಾಚಿತ್ರಗಳನ್ನು ಮುದ್ರಿಸುತ್ತೇನೆ. ಪದ್ಧತಿ ಗೊತ್ತಿಲ್ಲದವರಿಗಾಗಿ ಎರಡು ಮಾತು: ಗೋಂದಿನ ನೀರಿಗೆ ಜಲವರ್ಣವನ್ನೂ ಡೈಕ್ರೋಮೇಟ್ (ಬೈಕ್ರೋಮೇಟ್ ಎಂದರೂ ಇದೇ) ದ್ರಾವಣವನ್ನೂ ಬೆರೆಸಿ ಕಾಗದಕ್ಕೆ ಬಳಿದು ಒಣಗಿಸುತ್ತೇವೆ, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೆ ಒಡ್ಡುತ್ತೇವೆ. ಬೆಳಕು ತಾಗಿದ ಕಡೆ ಗೋಂದು ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ತಾಗದ ಕಡೆ ತಣ್ಣೀರಿನಲ್ಲಿ ಕರಗಿ ಹೋಗುತ್ತದೆ.

ನನ್ನ ತೊಂದರೆ ಆಕಾಶದ್ದು. ಚಿತ್ರ ಗಂಗೊಳ್ಳಿ ಬಂದರಿನದು. ಕಳೆದ ವರ್ಷ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಸಮಯದಲ್ಲಿ ತೆಗೆದದ್ದು. ಬೋಟುಗಳೆಲ್ಲ ಟಾರ್ಪಾಲು ಹೊದ್ದು ಒಂದಕ್ಕೊಂದು ಮೈತಾಗಿಸಿ ನಿಂತಿವೆ, ನಡುವೆ ಬಿಗಿದ ಹಗ್ಗಗಳು. ಮೇಲಿನ ಅರ್ಧ ಭಾಗ ಬರೀ ಮೋಡ. ಅದು ಬಹುಮಟ್ಟಿಗೆ ಕಾಗದದ ಬಿಳುಪಿನಲ್ಲೇ ಉಳಿಯಬೇಕು. ಫೆಬ್ರವರಿಯಲ್ಲಿ ಹಾಗೆಯೇ ಉಳಿದಿತ್ತು. ಹಗ್ಗದ ಒಂದೊಂದು ಎಳೆಯೂ ಬಿಳಿಯ ಮೇಲೆ ಬಿಡಿಯಾಗಿ ಕಾಣುತ್ತಿತ್ತು. ಈಗ ಜುಲೈಯಲ್ಲಿ ಅದೇ ನೆಗೆಟಿವ್‌ನಿಂದ ಮುದ್ರಿಸಿದರೆ ಆಕಾಶದ ತುಂಬ ಬೂದು ನೀಲಿಯ ತೆರೆ. ನೀರಿನಲ್ಲಿ ಎರಡು ತಾಸು ಬಿಟ್ಟರೂ ಹೋಗುವುದಿಲ್ಲ. ಕುಂಚ ತಾಗಿಸಿದರೆ ತೆರೆಯ ಜೊತೆಗೆ ಹಗ್ಗಗಳೂ ಎದ್ದು ಹೋಗುತ್ತವೆ.

ಪಾಕ ಹೀಗಿದೆ. 100 ಗ್ರಾಂ ಗೋಂದಿಗೆ 200 ಮಿಲಿ ನೀರು. ಅಮೋನಿಯಂ ಡೈಕ್ರೋಮೇಟ್ ಶೇ. 20ರ ದ್ರಾವಣ. ಎರಡೂ ಸಮಭಾಗ, ತಲಾ 5 ಮಿಲಿ. ಅದಕ್ಕೆ ಟ್ಯೂಬಿನಿಂದ ಅರ್ಧ ಗ್ರಾಂ ಪೇನ್ಸ್ ಗ್ರೇ ಎಂಬ ನೀಲಿ ಬೂದು ಜಲವರ್ಣ. ಕಾಗದ ಫ್ಯಾಬ್ರಿಯಾನೊ ಆರ್ಟಿಸ್ಟಿಕೊ, 300 ಜಿಎಸ್‌ಎಂ, ಹಾಟ್ ಪ್ರೆಸ್. ಬಿಸಿನೀರಿನಲ್ಲಿ ನೆನೆಸಿ ಕುಗ್ಗಿಸಿಕೊಂಡಿದ್ದೇನೆ, ಬೇರೆ ಸೈಜಿಂಗ್ (ಬಣ್ಣ ಒಳಗಿಳಿಯದಂತೆ ತಡೆಯುವ ಲೇಪ) ಕೊಟ್ಟಿಲ್ಲ. ಬೆಳಕಿಗೆ ಯುವಿ ಟ್ಯೂಬುಗಳ ಪೆಟ್ಟಿಗೆ, ಆರು ನಿಮಿಷ. ಇದರಲ್ಲಿ ಯಾವುದೂ ಫೆಬ್ರವರಿಯಿಂದ ಈಚೆಗೆ ಬದಲಾಗಿಲ್ಲ. ಬಣ್ಣ ಕಡಿಮೆ ಮಾಡಿ ನೋಡಿದೆ, ಬೆಳಕಿನ ಸಮಯವನ್ನು ನಾಲ್ಕು ನಿಮಿಷಕ್ಕೆ ಇಳಿಸಿ ನೋಡಿದೆ. ತೆರೆ ತೆಳುವಾಗುತ್ತದೆ, ಹೋಗುವುದಿಲ್ಲ. ಬೋಟುಗಳ ಕಪ್ಪು ಮಾತ್ರ ಸೊರಗುತ್ತದೆ.

ಒಂದು ವಿಷಯ ಹೇಳಬೇಕು. ಈಗಿನ ತೇವದಲ್ಲಿ ಬಳಿದ ಕಾಗದ ಬೇಗ ಒಣಗುವುದಿಲ್ಲ. ಹಾಗಾಗಿ ಶನಿವಾರ ರಾತ್ರಿ ಬಳಿದು ಅಲಮಾರಿನ ಕತ್ತಲಲ್ಲಿ ತೂಗುಹಾಕಿ, ಭಾನುವಾರ ಬೆಳಿಗ್ಗೆ ಮುದ್ರಿಸುತ್ತೇನೆ. ಕೋಣೆಯಲ್ಲಿರುವ ಮಾಪಕ ತೇವಾಂಶವನ್ನು ಶೇ. 90ರ ಆಸುಪಾಸು ತೋರಿಸುತ್ತಿದೆ. ಮಳೆ ಮುಗಿಯುವವರೆಗೆ ಕಾಯುವುದೊಂದೇ ದಾರಿಯೇ? ಆಗಸ್ಟ್ ಕೊನೆಗೆ ಮಕ್ಕಳ ಎದುರು ಇದನ್ನು ಮಾಡಿ ತೋರಿಸಬೇಕೆಂಬ ಆಸೆಯಿದೆ.


ಕೆಂಪುದೀಪ, ಧಾರವಾಡ

ಟೀಚರ್, ನಮಸ್ಕಾರ. ಕಾಯಬೇಕಾಗಿಲ್ಲ. ನಿಮ್ಮ ಪಾಕವೂ ಚೆನ್ನಾಗಿದೆ, ಬದಲಾಯಿಸಬೇಡಿ. "ಯಾವುದೂ ಬದಲಾಗಿಲ್ಲ" ಎಂದು ಬರೆದು, ಬದಲಾದದ್ದನ್ನು ಕೊನೆಯ ಪ್ಯಾರಾದಲ್ಲಿ ನೀವೇ ಹೇಳಿದ್ದೀರಿ. ಫೆಬ್ರವರಿಯಲ್ಲಿ ಬಳಿದ ಕಾಗದ ಎಷ್ಟು ಹೊತ್ತಿನಲ್ಲಿ ಬೆಳಕಿಗೆ ಹೋಗುತ್ತಿತ್ತು? ಫ್ಯಾನಿನ ಕೆಳಗೆ ಹದಿನೈದಿಪ್ಪತ್ತು ನಿಮಿಷ ಇದ್ದಿರಬಹುದು. ಈಗ ಇಡೀ ರಾತ್ರಿ.

ಡೈಕ್ರೋಮೇಟ್ ಬೆರೆತ ಗೋಂದು ಕತ್ತಲಲ್ಲಿ ಸುಮ್ಮನಿರುವುದಿಲ್ಲ. ಬೆಳಕು ಬಿದ್ದಾಗ ಆಗುವುದೇನೆಂದರೆ, ಡೈಕ್ರೋಮೇಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ, ಹಾಗೆ ಇಳಿದದ್ದು ಗೋಂದಿನ ಸರಪಳಿಗಳನ್ನು ಒಂದಕ್ಕೊಂದು ಹೆಣೆದು ನೀರಿಗೆ ಕರಗದಂತೆ ಮಾಡುತ್ತದೆ. ಇದೇ ಕ್ರಿಯೆ ಕತ್ತಲಲ್ಲಿಯೂ ನಿಧಾನವಾಗಿ ನಡೆಯುತ್ತದೆ. ಕಾಗದ ಒಣಗಿದ್ದು ಹವೆ ತಂಪಾಗಿದ್ದರೆ ಆ ನಿಧಾನ ನಮಗೆ ಗಮನಕ್ಕೇ ಬಾರದು. ತೇವ ಮತ್ತು ಸೆಖೆ ಸೇರಿದರೆ ಅದು ವೇಗವಾಗುತ್ತದೆ. ನಿಮ್ಮ ಅಲಮಾರಿನಲ್ಲಿ ರಾತ್ರಿಯಿಡೀ ಕಾಗದದ ತುಂಬ, ಬೋಟು ಆಕಾಶ ಎಂಬ ಭೇದವಿಲ್ಲದೆ, ಗೋಂದು ಅಷ್ಟಷ್ಟಾಗಿ ಗಟ್ಟಿಯಾಗುತ್ತ ಹೋಗಿದೆ. ಬೆಳಿಗ್ಗೆ ನೀವು ನೆಗೆಟಿವ್ ಇಡುವ ಹೊತ್ತಿಗೆ ಆಕಾಶ ಆಗಲೇ ಮುದ್ರಿತವಾಗಿರುತ್ತದೆ. ಬೆಳಕಿನ ಸಮಯ ಇಳಿಸಿದಾಗ ಬೋಟಿನ ಕಪ್ಪು ಸೊರಗಿ ಆಕಾಶದ ತೆರೆ ಉಳಿದದ್ದು ಇದೇ ಕಾರಣಕ್ಕೆ.

ಆದರೆ ನನ್ನ ಮಾತನ್ನು ನಂಬಿಕೊಂಡು ಕೂರಬೇಡಿ. ಬೂದು ತೆರೆಗೆ ಇನ್ನೂ ಎರಡು ಕಾರಣಗಳಿರಬಹುದು: ಕಾಗದದ ಸೈಜಿಂಗ್ ಸತ್ತು ಬಣ್ಣ ನಾರಿನೊಳಗೆ ಇಳಿದಿರಬಹುದು, ಇಲ್ಲವೇ ಬೆಳಕಿನ ಪೆಟ್ಟಿಗೆಯಲ್ಲಿ ಅತಿಯಾದ ಬೆಳಕು ಬಿದ್ದಿರಬಹುದು. ಮೂರನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ, ಒಂದು ಹಾಳೆ ಸಾಕು. ನೆಗೆಟಿವ್ ಬೇಡ, ಬೆಳಕೂ ಬೇಡ.

ಎಂದಿನ ಪಾಕವನ್ನು ಒಂದು ಹಾಳೆಗೆ ಬಳಿಯಿರಿ. ಹೇರ್ ಡ್ರೈಯರಿನ ತಣ್ಣನೆಯ ಗಾಳಿಯಲ್ಲಿ, ಹಳದಿ ಬಲ್ಬಿನ ಮಂದ ಬೆಳಕಿನಲ್ಲಿ, ಪೂರ್ತಿ ಒಣಗಿಸಿ. ಮೂರು ಪಟ್ಟಿ ಕತ್ತರಿಸಿ, ಹಿಂಬದಿಗೆ ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ. ಮೊದಲ ಪಟ್ಟಿಯನ್ನು ಕೂಡಲೇ ನೀರಿಗೆ ಹಾಕಿ, ಮುಖ ಕೆಳಗೆ. ಎರಡನೆಯದನ್ನು ಅಲಮಾರಿನಲ್ಲಿಟ್ಟು ಎರಡು ತಾಸಿನ ಮೇಲೆ ನೀರಿಗೆ ಹಾಕಿ. ಮೂರನೆಯದು ಬೆಳಗಿನವರೆಗೆ ಅಲ್ಲಿಯೇ ಇರಲಿ. ಪ್ರತಿಯೊಂದನ್ನೂ ಅರ್ಧ ತಾಸು ತೊಳೆಯಿರಿ, ಕೈ ತಾಗಿಸಬೇಡಿ. ಮೂರೂ ಬೆಳಕು ಕಾಣದ ಪಟ್ಟಿಗಳಾದ್ದರಿಂದ ಮೂರೂ ಬಿಳಿಯಾಗಬೇಕು. ಮೊದಲನೆಯದು ಬಿಳಿಯಾಗಿ ಮೂರನೆಯದು ಬೂದಾಗಿ ಉಳಿದರೆ ಅಲಮಾರೇ ಕಾರಣ. ಮೊದಲನೆಯದೇ ಬೂದಾದರೆ ಕಾಗದವನ್ನೋ ಬಣ್ಣವನ್ನೋ ನೋಡಬೇಕು. ಮೂರೂ ಬಿಳಿಯಾದರೆ ನಿಮ್ಮ ಪೆಟ್ಟಿಗೆಯ ಬೆಳಕು ಹೆಚ್ಚಾಯಿತು ಎಂದರ್ಥ.

ಪಟ್ಟಿಗಳು ಒಣಗಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ. ಗಟ್ಟಿಯಾದ ಗೋಂದಿನ ತೆರೆ ಕಾಗದದ ಮೇಲೆ ಒಂದೇ ಸಮನಾದ ಪೊರೆಯಾಗಿ ಕೂತಿರುತ್ತದೆ, ಓರೆಯಾಗಿ ಹಿಡಿದರೆ ಅಲ್ಪ ಹೊಳಪೂ ಇರುತ್ತದೆ. ನಾರಿಗೆ ಇಳಿದ ಬಣ್ಣ ಹಾಗಲ್ಲ, ಕಾಗದದ ತರಿಯೊಳಗೆ ಚುಕ್ಕೆ ಚುಕ್ಕೆಯಾಗಿ ಕೂತಿರುತ್ತದೆ. ಈ ಎರಡನ್ನು ಕಣ್ಣಿನಿಂದ ಗುರುತಿಸಲು ಕಲಿತರೆ ಮುಂದೆ ಯಾರನ್ನೂ ಕೇಳಬೇಕಾಗಿಲ್ಲ. ಇನ್ನೊಂದು ಬಗೆಯ ಕಲೆ ಹಳದಿ ಮಿಶ್ರಿತ ಕಂದು. ಅದು ಉಳಿದುಹೋದ ಕ್ರೋಮಿಯಂನದು. ಎಲ್ಲ ಪದರ ಮುಗಿದ ಮೇಲೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟಿನ ಶೇ. 1ರ ದ್ರಾವಣದಲ್ಲಿ ಕೆಲವು ನಿಮಿಷ ಇಟ್ಟರೆ ಅದು ಹೋಗುತ್ತದೆ. ನಿಮ್ಮದು ನೀಲಿ ಬೂದು ಎನ್ನುತ್ತಿದ್ದೀರಿ, ಆದ್ದರಿಂದ ಅದಲ್ಲ.

ಪಟ್ಟಿಗಳ ಫಲಿತಾಂಶವನ್ನು ಇಲ್ಲಿ ಬರೆಯಿರಿ. ಕಾಯುತ್ತಿರುತ್ತೇನೆ.


ಪರದೆ ಅಚ್ಚು, ಗದಗ

ಕೆಂಪುದೀಪ ಸರ್ ಹೇಳಿದ್ದಕ್ಕೆ ನನ್ನದೂ ಸಾಕ್ಷಿ ಇರಲಿ. ನಮ್ಮದು ಲಗ್ನಪತ್ರಿಕೆ, ಕ್ಯಾಲೆಂಡರ್ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕಲೆಯ ವಿಷಯ ನನಗೆ ತಿಳಿಯದು, ಬೈಕ್ರೋಮೇಟ್ ಮಾತ್ರ ದಿನನಿತ್ಯದ ಒಡನಾಟ. ಸ್ಕ್ರೀನಿಗೆ ಬಳಿಯುವ ಎಮಲ್ಷನ್ನಿಗೆ ಅದನ್ನೇ ಬೆರೆಸುತ್ತಿದ್ದೆವು. ಶ್ರಾವಣದಲ್ಲಿ ಸಂಜೆ ಬಳಿದ ಸ್ಕ್ರೀನನ್ನು ಸಂಜೆಯೇ ಎಕ್ಸ್‌ಪೋಸ್ ಮಾಡಬೇಕು. ಬೆಳಿಗ್ಗೆಗೆ ಬಿಟ್ಟರೆ ಪೈಪಿನಿಂದ ಎಷ್ಟು ನೀರು ಹೊಡೆದರೂ ಅಕ್ಷರ ತೆರೆದುಕೊಳ್ಳುವುದಿಲ್ಲ. "ಚಿ. ಸೌ." ಎಂಬಲ್ಲಿನ ಚುಕ್ಕೆಗಳೇ ಮೊದಲು ಮುಚ್ಚಿಹೋಗುತ್ತವೆ. ಈಗ ಬೈಕ್ರೋಮೇಟ್ ಬೇಡದ ಡಯಾಜೊ ಎಮಲ್ಷನ್ ಬಳಸುತ್ತೇವೆ, ಅದನ್ನು ಬಳಿದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಒಣಗಿಸಲು ಒಂದು ಉಪಾಯ: ಪ್ಲೈವುಡ್ಡಿನ ಆಳೆತ್ತರದ ಪೆಟ್ಟಿಗೆ, ಕೆಳಗೆ ಸಣ್ಣ ಹೀಟರ್, ಅದರ ಹಿಂದೆ ಹಳೆಯ ಕಂಪ್ಯೂಟರಿನ ಫ್ಯಾನ್, ಮೇಲೆ ಗಾಳಿ ಹೋಗಲು ರಂಧ್ರ. ಒಳಗಿನ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ರಂಧ್ರ ಮುಚ್ಚಿದರೆ ಪೆಟ್ಟಿಗೆಯೊಳಗೆ ಹಬೆ ತುಂಬಿ ಕೆಲಸ ಕೆಡುತ್ತದೆ. ತೇವ ಹೊರಗೆ ಹೋಗಲೇಬೇಕು.


ಪ್ರಯೋಗಾಲಯ, ಶಿವಮೊಗ್ಗ

ಟೀಚರ್, ನಾನು ರಸಾಯನಶಾಸ್ತ್ರದ ಉಪನ್ಯಾಸಕ, ಮುದ್ರಣ ಮಾಡುವವನಲ್ಲ. "ಮಕ್ಕಳ ಎದುರು" ಎಂದು ಓದಿದ್ದರಿಂದ ಬರೆಯುತ್ತಿದ್ದೇನೆ.

ಅಮೋನಿಯಂ ಡೈಕ್ರೋಮೇಟ್ ಆರು ವೇಲೆನ್ಸಿಯ ಕ್ರೋಮಿಯಂನ ಲವಣ. ಈ ರೂಪದ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿದೆ. ಪುಡಿಯ ಧೂಳು ಮೂಗಿಗೆ ಹೋಗುವುದು ಅತಿ ಕೆಟ್ಟದ್ದು. ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಹನಿಯಷ್ಟು ತಾಗಿದರೂ ಕೈಯೆಲ್ಲ ಬಿರಿಯುತ್ತದೆ, ಅದು ಜೀವನಪರ್ಯಂತ ಉಳಿಯಬಹುದು. ಯೂರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿಯಿಲ್ಲದೆ ಇದನ್ನು ಬಳಸುವಂತಿಲ್ಲ. ಇದೇ ಲವಣಕ್ಕೆ ಬೆಂಕಿ ತಾಗಿಸಿ ಹಸಿರು ಬೂದಿ ಉಗುಳುವ "ಜ್ವಾಲಾಮುಖಿ"ಯನ್ನು ಹಿಂದೆ ಶಾಲೆಗಳಲ್ಲಿ ಮಾಡಿ ತೋರಿಸುತ್ತಿದ್ದರು. ಅದನ್ನು ನೋಡಿದವರಿಗೆ ಡಬ್ಬಿಯನ್ನು ಒಲೆ, ಹೀಟರ್‌ಗಳ ಬಳಿ ಏಕೆ ಇಡಬಾರದು ಎಂಬುದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಪುಡಿಯನ್ನು ತೂಗಿ ಕರಗಿಸುವ ಕೆಲಸ ಮಕ್ಕಳಿಲ್ಲದಾಗ, ಫ್ಯಾನ್ ಆರಿಸಿ, ಮಾಸ್ಕ್ ಮತ್ತು ನೈಟ್ರೈಲ್ ಕೈಗವಸು ಹಾಕಿಕೊಂಡು ಆಗಲಿ. ದ್ರಾವಣದ ಬಾಟಲಿಗೆ ಹೆಸರು ಬರೆದು ಬೀಗದೊಳಗೆ ಇಡಿ. ಅದರ ಬಣ್ಣ ಕಿತ್ತಳೆ ಷರಬತ್ತಿನದೇ. ನೀರಿನ ಬಾಟಲಿಯಲ್ಲಿ ಎಂದೂ ತುಂಬಬೇಡಿ.

ಇನ್ನು ತೊಳೆದ ನೀರು. ಕರಾವಳಿಯ ಮನೆಗಳಲ್ಲಿ ಬಚ್ಚಲ ನೀರು ತೆಂಗಿನ ಬುಡಕ್ಕೆ ಹರಿಯುವುದು ವಾಡಿಕೆ, ಬಾವಿಯೂ ಅಲ್ಲೇ ಹತ್ತಿರ ಇರುತ್ತದೆ. ದಯವಿಟ್ಟು ಈ ನೀರನ್ನು ಅಲ್ಲಿಗೆ ಬಿಡಬೇಡಿ. ಡೈಕ್ರೋಮೇಟಿನ ಬಹುಪಾಲು ಮೊದಲ ಒಂದೆರಡು ತೊಳೆತದಲ್ಲೇ ಬಂದುಬಿಡುತ್ತದೆ, ಆ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಡಿ. ಅಂಗಳದ ಗಾಳಿಯಲ್ಲಿ ನಿಂತು ಅದಕ್ಕೆ ಮೆಟಾಬೈಸಲ್ಫೈಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕದಡಿ. ಗಾಟು ಬರುತ್ತದೆ, ಬಗ್ಗಿ ಮೂಸಬೇಡಿ. ಕಿತ್ತಳೆ ಬಣ್ಣ ಹೋಗಿ ನೀರು ಹಸಿರು ಛಾಯೆಗೆ ತಿರುಗಿದರೆ ಆರು ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿದಿದೆ ಎಂದರ್ಥ. ಇದರ ವಿಷ ಬಹಳ ಕಡಿಮೆ. ನಂತರ ವಾಷಿಂಗ್ ಸೋಡಾ ಹಾಕಿ. ಕ್ರೋಮಿಯಂ ಬೂದು ಹಸಿರು ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ಗಸಿಯನ್ನು ಒಣಗಿಸಿ ಡಬ್ಬಿಯಲ್ಲಿಟ್ಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ ಅವರ ಅಪಾಯಕಾರಿ ತ್ಯಾಜ್ಯದ ಜೊತೆ ಸೇರಿಸಿ.

ಮಕ್ಕಳಿಗೆ ಅವರ ಕೈಯಿಂದಲೇ ಮಾಡಿಸಬೇಕೆಂದಿದ್ದರೆ ಸಯನೋಟೈಪ್ ಮಾಡಿಸಿ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಆ ನೀಲಿ ಮುದ್ರಣಕ್ಕೆ ಕಬ್ಬಿಣದ ಲವಣಗಳು ಸಾಕು. ಗಮ್ ಪ್ರಿಂಟನ್ನು ನೀವು ಮಾಡಿ, ಅವರು ದೂರದಿಂದ ನೋಡಲಿ.


ಗಂಗೊಳ್ಳಿ ದಡ, ಕುಂದಾಪುರ

ಎಲ್ಲರಿಗೂ ಧನ್ಯವಾದಗಳು. ಶಿವಮೊಗ್ಗದ ಸರ್, ನೀವು ಊಹಿಸಿದ್ದು ಸರಿ, ನಮ್ಮ ಮನೆಯಲ್ಲೂ ಬಚ್ಚಲ ನೀರು ತೆಂಗಿನ ಬುಡಕ್ಕೇ ಹೋಗುತ್ತದೆ. ತೊಳೆಯುವ ಕೆಲಸಕ್ಕೆ ಈಗ ಎರಡು ಬಕೆಟ್ ಬೇರೆ ಇಟ್ಟಿದ್ದೇನೆ. ಆಗಸ್ಟ್‌ನಲ್ಲಿ ಮಕ್ಕಳಿಗೆ ಸಯನೋಟೈಪನ್ನೇ ಮಾಡಿಸುತ್ತೇನೆ.

ಪಟ್ಟಿಗಳ ಫಲಿತಾಂಶ ಇದು. ಮೊದಲನೆಯದನ್ನು ನೀರಿಗೆ ಹಾಕಿದ ಕೂಡಲೇ ಬಣ್ಣ ಮೋಡದಂತೆ ಎದ್ದಿತು. ಹತ್ತು ನಿಮಿಷಕ್ಕೆ ಕಾಗದ ಬಹುತೇಕ ಬಿಳಿ. ಎರಡನೆಯದರಲ್ಲಿ ಬಣ್ಣ ಬಿಡಲು ಶುರುವಾದದ್ದೇ ಹತ್ತು ನಿಮಿಷದ ನಂತರ, ಅರ್ಧ ತಾಸು ಕಳೆದರೂ ಮಬ್ಬು ಉಳಿದಿತ್ತು. ಮೂರನೆಯದು ನೀರಿಗೆ ಕಿತ್ತಳೆ ಬಣ್ಣವನ್ನಷ್ಟೇ ಬಿಟ್ಟಿತು, ಪೇನ್ಸ್ ಗ್ರೇ ಅಲುಗಲಿಲ್ಲ. ಬೆಳಕನ್ನೇ ಕಾಣದ ಕಾಗದ ಪೂರ್ತಿ ಮುದ್ರಣವಾದಂತೆ ಕೂತಿದೆ. ಮೂರನ್ನೂ ಅಕ್ಕಪಕ್ಕ ಅಂಟಿಸಿ ಗೋಡೆಗೆ ಹಾಕಿದ್ದೇನೆ.

ಆದರೆ ಮೊದಲ ಪಟ್ಟಿಯೂ ಪೂರ್ತಿ ಶುಭ್ರವಾಗಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಕಡು ಚುಕ್ಕೆಗಳ ಗುಂಪು, ಮಿಕ್ಕ ಕಡೆ ಇಲ್ಲ. ಹೊಳಪಿಲ್ಲ, ಕಾಗದದ ಒಳಗೇ ಇವೆ. ಇದು ಸರ್ ಹೇಳಿದ ಎರಡನೆಯ ಬಗೆಯೇ? ಕಾಗದದ ಕಟ್ಟನ್ನು ಜನವರಿಯಲ್ಲಿ ತರಿಸಿದ್ದು, ಬಿಚ್ಚಿದ ಮೇಲೆ ಕಪಾಟಿನಲ್ಲಿ ಹಾಗೆಯೇ ಇತ್ತು.


ಕೆಂಪುದೀಪ, ಧಾರವಾಡ

ಓದಿ ಬಹಳ ಸಂತೋಷವಾಯಿತು ಟೀಚರ್. ಮೂರನೆಯ ಪಟ್ಟಿಯನ್ನು ಗೋಡೆಗೆ ಹಾಕಿದ್ದು ಇನ್ನೂ ಸಂತೋಷ.

ಚುಕ್ಕೆಗಳು ಎರಡನೆಯ ಬಗೆಯವೇ. ಜಲವರ್ಣದ ಕಾಗದದಲ್ಲಿ ಬಣ್ಣ ಒಳಗಿಳಿಯದಂತೆ ತಡೆಯುವ ಸೈಜಿಂಗ್ ಇರುತ್ತದೆ. ಬಿಚ್ಚಿಟ್ಟ ಕಾಗದ ಒಂದು ಮಳೆಗಾಲ ಕಂಡರೆ ಅದು ಅಲ್ಲಲ್ಲಿ ಸಾಯುತ್ತದೆ, ಹಾಗೆ ಸತ್ತ ಕಡೆ ನಾರು ಬಣ್ಣವನ್ನು ಹೀರಿಕೊಳ್ಳುತ್ತದೆ. ಜಲವರ್ಣ ಮಾಡುವವರಿಗೂ ಇದು ಗೊತ್ತಿರುವ ಪೀಡೆ. ನೀವೇ ಆಕಾಶದ ವಾಶ್ ಹಾಕುವಾಗ ಕಂಡಿರಬಹುದು. ಪರಿಹಾರ ಜೆಲಟಿನ್. ಲೀಟರ್ ನೀರಿಗೆ 30 ಗ್ರಾಂ, ಮೊದಲು ತಣ್ಣೀರಿನಲ್ಲಿ ಉಬ್ಬಿಸಿ, ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ; ಕುದಿಸಬಾರದು. ಕುಗ್ಗಿಸಿದ ಕಾಗದಕ್ಕೆ ಅಗಲ ಕುಂಚದಿಂದ ಬಳಿದು ಒಣಗಿಸಿ. ಆ ಜೆಲಟಿನ್ ಗಟ್ಟಿಗೊಳ್ಳದಿದ್ದರೆ ತೊಳೆಯುವಾಗ ಗೋಂದಿನ ಜೊತೆ ಅದೂ ಮೆತ್ತಗಾಗುತ್ತದೆ, ಅದಕ್ಕಾಗಿ ಬಳಿಯುವ ಮೊದಲೇ ಕ್ರೋಮ್ ಆಲಂ ಸ್ವಲ್ಪ ಬೆರೆಸುವುದು ರೂಢಿ. ಫಾರ್ಮಲಿನ್ ಬಳಸುವವರೂ ಇದ್ದಾರೆ. ಮನೆಯೊಳಗೆ ಅದರ ಆವಿ ಬೇಡ ಎನ್ನುವವನು ನಾನು. ಮುಖ್ಯ ಮಾತು: ನಿಮ್ಮ ಊರಿನಲ್ಲಿ ಈ ಕೆಲಸವನ್ನು ಮಾರ್ಚ್, ಏಪ್ರಿಲ್‌ನಲ್ಲಿ ಮುಗಿಸಿಟ್ಟುಕೊಳ್ಳಿ. ಮಳೆಯಲ್ಲಿ ಜೆಲಟಿನ್ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ. ಸೈಜ್ ಮಾಡಿದ ಹಾಳೆಗಳನ್ನು ಗಾಳಿಯಾಡದ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಟ್ಟಿಡಿ.

ಇನ್ನು ಒಣಗಿಸುವುದು. ಗದಗದವರ ಪೆಟ್ಟಿಗೆ ಉತ್ತಮ. ಗುರಿ ಇಷ್ಟೇ: ಬಳಿದ ಕಾಗದ ಇಪ್ಪತ್ತು ನಿಮಿಷದೊಳಗೆ ಒಣಗಬೇಕು, ಒಣಗಿದ ಕೂಡಲೇ ಬೆಳಕಿಗೆ, ಬೆಳಕಿನಿಂದ ನೇರ ನೀರಿಗೆ. ನಡುವೆ ಊಟಕ್ಕೆ ಏಳಬೇಡಿ. ಬೆಳಕು ಬಿದ್ದ ಮೇಲೂ ಗಟ್ಟಿಯಾಗುವ ಕ್ರಿಯೆ ಮುಂದುವರಿಯುತ್ತಲೇ ಇರುತ್ತದೆ. ಮಳೆ ಇರುವವರೆಗೆ ಡೈಕ್ರೋಮೇಟನ್ನು ಶೇ. 10ಕ್ಕೆ ಇಳಿಸಿ, ಬೆಳಕಿನ ಸಮಯ ಹೆಚ್ಚಿಸಿ. ಕತ್ತಲಿನ ಕ್ರಿಯೆಯೂ ಅಷ್ಟರಮಟ್ಟಿಗೆ ತಗ್ಗುತ್ತದೆ, ಕಾಂಟ್ರಾಸ್ಟೂ ತುಸು ಏರುತ್ತದೆ. ಎಷ್ಟು ಹೆಚ್ಚಿಸಬೇಕೆಂಬುದನ್ನು ಊಹಿಸಬೇಡಿ. 21 ಮೆಟ್ಟಿಲಿನ ಸ್ಟೆಪ್ ಟ್ಯಾಬ್ಲೆಟ್ (ಮೆಟ್ಟಿಲು ಮೆಟ್ಟಿಲಾಗಿ ಕಡುವಾಗುತ್ತ ಹೋಗುವ ಫಿಲ್ಮ್ ಪಟ್ಟಿ) ಒಂದನ್ನು ಕೊಂಡು ಪ್ರತಿ ಮುದ್ರಣದ ಅಂಚಿನಲ್ಲಿ ಅದರದೊಂದು ಗುರುತು ಬರುವಂತೆ ಮಾಡಿ. ಯಾವ ಮೆಟ್ಟಿಲಿನಲ್ಲಿ ಬಿಳಿ ಶುರುವಾಗುತ್ತದೆ ಎಂಬುದನ್ನು ದಿನದ ತೇವಾಂಶದ ಜೊತೆ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಆ ಪುಸ್ತಕವೇ ನಿಮಗೆ ಉತ್ತರ ಕೊಡುತ್ತದೆ.

ಈಗ ನನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಚಿತ್ರದಲ್ಲಿ ಟಾರ್ಪಾಲಿನ ಕಡುಗಪ್ಪು, ಹಗ್ಗದ ಸಣ್ಣ ಎಳೆ, ಮೋಡದ ಬಿಳಿ ಮೂರೂ ಇವೆ. ಇವನ್ನು ಒಂದೇ ಪದರದಲ್ಲಿ ಹಿಡಿಯಲು ಹೊರಟರೆ ಬಣ್ಣ ಹೆಚ್ಚು ಹಾಕಬೇಕಾಗುತ್ತದೆ. ಹೆಚ್ಚು ಬಣ್ಣ ಎಂದರೆ ಕಲೆ, ಇಲ್ಲವೇ ತೊಳೆಯುವಾಗ ಹೊಪ್ಪಳೆಯಾಗಿ ಎದ್ದು ಹೋಗುವುದು. ಗಮ್ ಪದರವೊಂದು ಹಿಡಿದಿಡುವ ಛಾಯೆಗಳ ಹರವು ಚಿಕ್ಕದು. ಜಾನ್ ಪೌನ್ಸಿ 1858ರಲ್ಲಿ ಲಂಡನ್ನಿನಲ್ಲಿ ಗಮ್ ಮುದ್ರಣಗಳನ್ನು ತೋರಿಸಿದಾಗಲೂ ಮಧ್ಯದ ಛಾಯೆಗಳು ನಿಲ್ಲುವುದಿಲ್ಲ ಎಂಬ ತಕರಾರು ಈ ಪದ್ಧತಿಯ ಬೆನ್ನಿಗಿತ್ತು. ಅದಕ್ಕೆ ನಿಜವಾದ ಉತ್ತರ ಕೊಟ್ಟವರು 1890ರ ದಶಕದ ಕೊನೆಯಲ್ಲಿ ವಿಯೆನ್ನಾ ಕ್ಯಾಮೆರಾ ಕ್ಲಬ್ಬಿನ ಹೈನ್ರಿಕ್ ಕ್ಯೂನ್, ಹ್ಯೂಗೊ ಹೆನ್ನೆಬರ್ಗ್ ಮತ್ತು ಹನ್ಸ್ ವಾಟ್ಸೆಕ್. ಅವರು ಒಂದೇ ಕಾಗದದ ಮೇಲೆ ಮತ್ತೆ ಮತ್ತೆ ಬಳಿದು, ಮತ್ತೆ ಮತ್ತೆ ಮುದ್ರಿಸಿದರು. ಒಂದು ಪದರ ನೆರಳಿಗೆ, ಒಂದು ನಡುವಿನ ಛಾಯೆಗೆ, ಒಂದು ತೀರ ತೆಳು ಬೆಳಕಿಗೆ. ಎಡ್ವರ್ಡ್ ಸ್ಟೈಕನ್ 1904ರಲ್ಲಿ ನ್ಯೂಯಾರ್ಕಿನ ಫ್ಲ್ಯಾಟೈರನ್ ಕಟ್ಟಡದ ಚಿತ್ರಕ್ಕೆ ಮಾಡಿದ್ದೂ ಇಂಥದ್ದೇ. ತಳದಲ್ಲಿ ಪ್ಲಾಟಿನಂ ಮುದ್ರಣ, ಮೇಲೆ ಬಣ್ಣದ ಗಮ್. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಅದರ ಮೂರು ಪ್ರಿಂಟ್‌ಗಳ ಬಣ್ಣ ಒಂದರಂತೆ ಒಂದಿಲ್ಲ. ನೆಗೆಟಿವ್ ಒಂದೇ, ಸಂಜೆ ಮೂರು.

ಆದ್ದರಿಂದ ಪೇನ್ಸ್ ಗ್ರೇಯನ್ನು ಕಾಲು ಗ್ರಾಮಿಗೆ ಇಳಿಸಿ, ಮೂರು ಪದರ ಮಾಡಿ. ಮೊದಲ ಪದರಕ್ಕೆ ಕಡಿಮೆ ಬೆಳಕು ಕೊಡಿ, ಟಾರ್ಪಾಲಷ್ಟೇ ಮೂಡಲಿ. ಎರಡನೆಯದಕ್ಕೆ ಎಂದಿನಷ್ಟು. ಕೊನೆಯದಕ್ಕೆ ಬಣ್ಣ ತೀರ ಕಡಿಮೆ, ಬೆಳಕು ಹೆಚ್ಚು. ಮೋಡದೊಳಗಿನ ಅಲ್ಪಸ್ವಲ್ಪ ಏರಿಳಿತ ಅದರಲ್ಲಿ ಬರುತ್ತದೆ.

ಕುಂಚದ ವಿಷಯ. ಪ್ಯಾರಿಸ್ಸಿನ ರಾಬರ್ಟ್ ಡೆಮಾಷಿ ಕುಂಚದಿಂದ ಗೋಂದನ್ನು ಎಬ್ಬಿಸಿಯೇ ಹೆಸರಾದವರು, ಅದು ಅವರ ಕೈಗುಣ. ನನಗೆ ಆ ಗೀರುಗಳು ರುಚಿಸುವುದಿಲ್ಲ. ಬಂದರಿನ ಹಗ್ಗಗಳಂಥ ಸೂಕ್ಷ್ಮವಿರುವ ಚಿತ್ರಕ್ಕಂತೂ ಬೇಡವೇ ಬೇಡ. ಪ್ರಿಂಟನ್ನು ಮುಖ ಕೆಳಗೆ ಮಾಡಿ ನೀರಿನ ಮೇಲೆ ತೇಲಬಿಡಿ, ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸಿ. ಮುಖದ ಮೇಲೆ ಬೆರಳು ಇಡಬೇಡಿ. ಆ ಹೊತ್ತಿನಲ್ಲಿ ಗೋಂದು ಗಾಯದ ಮೇಲಿನ ಎಳೆ ಚರ್ಮದಷ್ಟು ಮೆತ್ತಗಿರುತ್ತದೆ. ಒಂದು ತಾಸಿನ ಮೇಲೂ ಮಬ್ಬು ಉಳಿದರೆ ಉಗುರುಬೆಚ್ಚಗಿನ ನೀರಿಗೆ ಬದಲಿಸಿ. ತೊಳೆದ ಪ್ರಿಂಟ್ ಪೂರ್ತಿ ಒಣಗಿದ ಮೇಲೆಯೇ ಮುಂದಿನ ಪದರ.


ಹೊಸ ಕೈ, ಬಾಗಲಕೋಟೆ

ಹಿರಿಯರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ಗೋಂದು ಎಂದರೆ ನಮ್ಮಲ್ಲಿ ಅಂಟಿನುಂಡೆಗೆ ಹಾಕುವ ಅಂಟೇ ನಡೆಯುತ್ತದೆಯೇ? ಆನ್‌ಲೈನಿನಲ್ಲಿ ಸಿಗುವ ಗಮ್ ಅರೇಬಿಕ್ ಬಾಟಲಿ ನನ್ನ ಪಾಲಿಗೆ ದುಬಾರಿ.


ಕೆಂಪುದೀಪ, ಧಾರವಾಡ

ನಡೆಯುತ್ತದೆ, ನೋಡಿ ಕೊಂಡರೆ. ಗಮ್ ಅರೇಬಿಕ್ ಎಂಬುದು ಜಾಲಿಯ ಕುಲದ ಮರಗಳ ಅಂಟು. ಕಿರಾಣಿ ಅಂಗಡಿಯಲ್ಲಿ ಬೇರೆ ಮರಗಳ ಅಂಟನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಒಂದು ಹರಳನ್ನು ಲೋಟದ ತಣ್ಣೀರಿಗೆ ಹಾಕಿ ರಾತ್ರಿ ಬಿಡಿ. ಪೂರ್ತಿ ಕರಗಿ ತಿಳಿಯಾದ ಪಾಕವಾದರೆ ನಿಮಗೆ ಬೇಕಾದದ್ದು ಅದೇ. ಕರಗದೆ ಉಬ್ಬಿ ಲೋಳೆಯ ಗುಡ್ಡೆಯಾದರೆ ಅದು ಗೋಂದ್ ಕತೀರ, ಬೇಸಿಗೆಯ ಷರಬತ್ತಿಗೆ ಒಳ್ಳೆಯದು, ನಮಗೆ ಬೇಡ. ತಿಳಿ ಹಳದಿಯ ಹರಳುಗಳನ್ನು ಆರಿಸಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನಲ್ಲಿ ಇಳಿಬಿಡಿ. ಒಂದೆರಡು ದಿನದಲ್ಲಿ ಕಸ ಗಂಟಿನೊಳಗೆ ಉಳಿದು ಅಂಟು ಕೆಳಗಿಳಿಯುತ್ತದೆ. ಕುದಿಸಬೇಡಿ. ಕೆಡದಂತೆ ಲವಂಗದ ಎಣ್ಣೆ ಕೆಲವು ಹನಿ ಹಾಕಿ.


ಗಂಗೊಳ್ಳಿ ದಡ, ಕುಂದಾಪುರ

ಸರ್, ಪೆಟ್ಟಿಗೆ ಸಿದ್ಧವಾಯಿತು, ಹೊಸ ಕಾಗದವೂ ಬಂತು. ಮೊದಲ ಪದರದಲ್ಲಿ ಆಕಾಶ ಅಪ್ಪಟ ಬಿಳಿಯಾಗಿ ಉಳಿದಿದೆ! ಈಗ ಎರಡನೆಯ ಪದರಕ್ಕೆ ನೆಗೆಟಿವ್ ಇಟ್ಟು ನೋಡಿದರೆ ಎಡಗಡೆ ಕೂಡುತ್ತದೆ, ಬಲಗಡೆಯ ಹಗ್ಗಗಳು ಕೂದಲೆಳೆಯಷ್ಟು ಜೋಡಿಯಾಗುತ್ತವೆ. ಕಾಗದವನ್ನು ಬಿಸಿನೀರಿನಲ್ಲಿ ಕುಗ್ಗಿಸಿಯೇ ಇಟ್ಟದ್ದು.


ಕೆಂಪುದೀಪ, ಧಾರವಾಡ

ಕುಗ್ಗಿಸಿದ ಕಾಗದವೂ ಹವೆಯ ತೇವ ಹೀರಿ ಹಿಗ್ಗುತ್ತದೆ. ಮೊದಲ ಪದರವನ್ನು ನೀವು ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಒಣ ಕಾಗದದ ಮೇಲೆ ಮುದ್ರಿಸಿದ್ದೀರಿ, ಈಗ ಕೋಣೆಯ ತೇವ ಕುಡಿದ ಕಾಗದದ ಮೇಲೆ ಅಳೆಯುತ್ತಿದ್ದೀರಿ. ಎರಡನೆಯ ಪದರ ಬಳಿದು ಮೊದಲ ಸಲ ಒಣಗಿಸಿದಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ ಪೆಟ್ಟಿಗೆಯಲ್ಲಿಟ್ಟು, ಹೊರತೆಗೆದ ಕೂಡಲೇ ಕೂಡಿಸಿ ನೋಡಿ. ಕೂಡುತ್ತದೆ. ಕೂಡಿದ ಸ್ಥಿತಿಯಲ್ಲಿಯೇ ಚಿತ್ರದ ಹೊರಗಿನ ಅಂಚಿನಲ್ಲಿ, ಎದುರು ಬದುರು ಎರಡು ಕಡೆ, ನೆಗೆಟಿವ್ ಮತ್ತು ಕಾಗದ ಎರಡನ್ನೂ ದಾಟುವಂತೆ ಗುಂಡುಸೂಜಿಯಿಂದ ತೂತು ಮಾಡಿ. ಮೂರನೆಯ ಪದರಕ್ಕೆ ಅದೇ ತೂತುಗಳಲ್ಲಿ ಸೂಜಿ ತೂರಿಸಿ ಕೂರಿಸಿ, ಟೇಪ್ ಹಾಕಿ, ಸೂಜಿ ತೆಗೆದು ಗಾಜು ಮುಚ್ಚಿದರಾಯಿತು.